ಮಂಗಳೂರಿನ ಮಳೆಗಾಲಕ್ಕೆ ಹಸಿರು ಜಿಪ್ಸಂ ಬೋರ್ಡ್: ಒಂದು ವರ್ಷದ ಬಳಕೆಯ ನಂತರ

ಜುಲೈ ತಿಂಗಳಲ್ಲಿ ಮಂಗಳೂರಿನ ಗಾಳಿಯ ತೇವಾಂಶ ಸರಾಸರಿ ಶೇ. 85ರ ಮೇಲೆಯೇ ಇರುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ, ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಯುವ ಊರಿನಲ್ಲಿ ಜಿಪ್ಸಂ ಬೋರ್ಡಿನಿಂದ, ಅಂದರೆ ಜಿಪ್ಸಂನ ಎರಡೂ ಬದಿಗೆ ಕಾಗದ ಹೊದಿಸಿದ ಹಲಗೆಯಿಂದ ಗೋಡೆ ಮಾಡಬಹುದೇ ಎಂಬ ಸಂಶಯ ಸಹಜವಾದದ್ದು. ನನಗೂ ಅದು ಇತ್ತು. ಆದರೆ ನಮ್ಮದು ಮುರಕಲ್ಲಿನ ಹಳೆಯ ಮನೆ, ಮಾಳಿಗೆ ನಿಂತಿರುವುದು ಮರದ ತೊಲೆಗಳ ಮೇಲೆ. ಒಂಬತ್ತಿಂಚಿನ ಮುರಕಲ್ಲಿನ ಗೋಡೆ ಚದರ ಮೀಟರಿಗೆ 400 ಕಿಲೋ ಮೀರುತ್ತದೆ; ಎರಡೂ ಬದಿಗೆ ಬೋರ್ಡ್ ಹೊಡೆದ ಕಬ್ಬಿಣದ ಚೌಕಟ್ಟಿನ ಗೋಡೆ 25 ಕಿಲೋ ಆಸುಪಾಸಿನಲ್ಲಿ ಮುಗಿಯುತ್ತದೆ. ಮೇಲಿನ ಉದ್ದದ ಕೋಣೆಯನ್ನು ಎರಡಾಗಿ ಮಾಡಬೇಕಿದ್ದರೆ ನಮಗೆ ಬೇರೆ ದಾರಿ ಇರಲಿಲ್ಲ.

ಮೊದಲ ಸಲ ಗುತ್ತಿಗೆದಾರರೊಬ್ಬರು ಸಾಮಾನ್ಯ ಬೋರ್ಡನ್ನೇ ಹಾಕಿಕೊಟ್ಟಿದ್ದರು. ಎರಡನೆಯ ವರ್ಷದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದರ ಬುಡ ಒಂದು ಗೇಣಿನಷ್ಟು ಎತ್ತರಕ್ಕೆ ಉಬ್ಬಿತು, ಪೈಂಟ್ ಗುಳ್ಳೆ ಎದ್ದಿತು. ಗೋದ್ರೆಜ್ ಕಪಾಟನ್ನು ಸರಿಸಿ ನೋಡಿದಾಗ ಹಿಂದೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳು ತುಂಬಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಗೋಡೆ ಒಳಕ್ಕೆ ಹೋಗುತ್ತಿತ್ತು. ಜಿಪ್ಸಂ ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ, ಹೊರಗಿನ ಕಾಗದ ಬೂಸ್ಟಿಗೆ ಆಹಾರವಾಗುತ್ತದೆ. ಬೋರ್ಡ್ ತಪ್ಪಾದದ್ದಲ್ಲ, ಅದನ್ನು ಹಾಕಿದ ಜಾಗ ತಪ್ಪಾಗಿತ್ತು.

ಎರಡನೆಯ ಸಲ ನಾನೇ ಅಂಗಡಿ ಅಲೆದು ಆರಿಸಿದ್ದು ಸೈಂಟ್-ಗೋಬೈನ್ ಸಂಸ್ಥೆಯ ಜಿಪ್ರಾಕ್ ತೇವನಿರೋಧಕ ಬೋರ್ಡ್, 12.5 ಮಿಲಿಮೀಟರ್ ದಪ್ಪದ್ದು. ಇಂಥ ಬೋರ್ಡುಗಳ ಒಳಗಿನ ಜಿಪ್ಸಂಗೆ ಸಿಲಿಕೋನಿನಂತಹ ನೀರು ತಡೆಯುವ ವಸ್ತುವನ್ನು ಬೆರೆಸಿರುತ್ತಾರೆ, ಹೊದಿಕೆಯ ಕಾಗದಕ್ಕೂ ಅಂಥದೇ ಸಂಸ್ಕಾರ ಮಾಡಿರುತ್ತಾರೆ. ಹಸಿರು ಬಣ್ಣ ಬರೀ ಗುರುತಿಗಾಗಿ ಬಂದ ರೂಢಿ. ಆದ್ದರಿಂದ ಬಣ್ಣವನ್ನು ಮಾತ್ರ ನಂಬದೆ, ಹಾಳೆಯ ಮೇಲಿನ ಮುದ್ರೆ ಓದಿ, ತಾಂತ್ರಿಕ ವಿವರದ ಪತ್ರ ಕೇಳಿ ಪಡೆಯಬೇಕು. ಅದರಲ್ಲಿ ನೋಡಬೇಕಾದ ಅಂಕಿ ಒಂದೇ: ನೀರು ಹೀರುವ ಪ್ರಮಾಣ. ಯುರೋಪಿನ ಇಎನ್ 520 ಮಾನದಂಡದ ಎಚ್1 ದರ್ಜೆಯ ಬೋರ್ಡ್ ಎರಡು ಗಂಟೆ ನೀರಿನಲ್ಲಿ ಮುಳುಗಿದ್ದರೂ ತನ್ನ ತೂಕದ ಶೇ. 5ಕ್ಕಿಂತ ಹೆಚ್ಚು ನೀರು ಹೀರಬಾರದು, ಎಚ್2ಕ್ಕೆ ಶೇ. 10, ಎಚ್3ಕ್ಕೆ ಶೇ. 25. ಮೂರನ್ನೂ ತೇವನಿರೋಧಕ ಎಂದೇ ಮಾರಬಹುದಾದ್ದರಿಂದ ದರ್ಜೆ ಕೇಳದೆ ಹಣ ಕೊಡಬಾರದು.

ಅಂಗಡಿಯವರಿಂದ ಒಂದೊಂದು ಗೇಣಗಲದ ಎರಡು ತುಂಡು ಕೇಳಿ ತಂದು ಮನೆಯಲ್ಲೇ ಪರೀಕ್ಷಿಸಿದೆ. ಅಡುಗೆಮನೆಯ ತಕ್ಕಡಿಯಲ್ಲಿ 362 ಗ್ರಾಂ ತೂಗಿದ ಹಸಿರು ತುಂಡು ಬಕೆಟಿನಲ್ಲಿ ಎರಡು ಗಂಟೆ ಮುಳುಗಿದ್ದು ಹೊರಬಂದಾಗ 377 ಗ್ರಾಂ ಇತ್ತು. ಸಾಮಾನ್ಯ ಬೋರ್ಡಿನ ತುಂಡು ಮೂರನೇ ಒಂದು ಪಾಲಿನಷ್ಟು ಹೆಚ್ಚು ತೂಗಿತು, ಅದರ ಕಾಗದ ಉಗುರಿಗೆ ಸಲೀಸಾಗಿ ಸುಲಿದು ಬಂತು. ಯಾವ ಜಾಹೀರಾತೂ ಕೊಡದ ಧೈರ್ಯವನ್ನು ನನಗೆ ಆ ಬಕೆಟ್ ಕೊಟ್ಟಿತು.

ಅಂಗಡಿಯವರ ಬಗ್ಗೆಯೂ ಹೇಳಬೇಕು. ಸ್ನಾನದ ಕೋಣೆಗೆ ತಾಗಿದ ಗೋಡೆ ಎಂದ ಕೂಡಲೇ ಅವರು ಕೇಳಿದ್ದು, “ಒಳಗಿನ ಬದಿಗೂ ಇದನ್ನೇ ಹಾಕುದಾ? ಶವರಿನ ಬುಡಕ್ಕೆ ಇದು ಬೇಡ ಮಾರಾಯ್ರೆ, ಅಲ್ಲಿಗೆ ಸಿಮೆಂಟ್ ಬೋರ್ಡ್ ಕೊಂಡೋಗಿ.” ಕೇಳಿದ ಮಾಲನ್ನೇ ಮಾರುವ ಅವಕಾಶವಿದ್ದಾಗಲೂ ಬೇಡವೆಂದ ಈ ಮಾತು ಸರಿಯಾದದ್ದು: ಹಸಿರು ಬೋರ್ಡ್ ತಡೆಯುವುದು ತೇವದ ಗಾಳಿಯನ್ನು, ಅಪರೂಪಕ್ಕೆ ಬೀಳುವ ಹನಿಯನ್ನು, ದಿನವೂ ನೀರು ಹರಿಯುವ ಜಾಗಕ್ಕೆ ಅದು ಹೇಳಿ ಮಾಡಿಸಿದ್ದಲ್ಲ. ಅವರ ಗೋದಾಮಿನಲ್ಲಿ ಹಾಳೆಗಳನ್ನು ಗೋಡೆಗೆ ಒರಗಿಸದೆ, ನೆಲದಿಂದ ಎತ್ತರಿಸಿದ ಮರದ ಪಟ್ಟಿಗಳ ಮೇಲೆ ಮಲಗಿಸಿ ಪ್ಲಾಸ್ಟಿಕ್ ಹೊದಿಸಿದ್ದರು. ಒರಗಿಸಿಟ್ಟ ಬೋರ್ಡ್ ಬಾಗುತ್ತದೆ, ಸಿಮೆಂಟ್ ನೆಲದ ಮೇಲೆ ನೇರವಾಗಿ ಇಟ್ಟದ್ದು ಗೋಡೆಗೆ ಏರುವ ಮೊದಲೇ ಪಸೆ ಹಿಡಿದಿರುತ್ತದೆ. ಮೇ ತಿಂಗಳ ಮೊದಲ ವಾರದಲ್ಲೇ ಮಾಲು ತಲುಪಿಸಿದರು, ಮೂಲೆ ಮುರಿದ ಎರಡು ಹಾಳೆಗಳನ್ನು ಮಾತಿಲ್ಲದೆ ಬದಲಿಸಿಕೊಟ್ಟರು. ಬಿಲ್ಲಿನಲ್ಲಿ ದರ ಸಾಮಾನ್ಯ ಬೋರ್ಡಿನ ಸುಮಾರು ಒಂದೂವರೆ ಪಟ್ಟು ಬಂತು. ಒಂದು ಕೊರತೆಯೆಂದರೆ ಬೋರ್ಡಿನ ಜೊತೆ ಮಾಮೂಲಿನ ಕಪ್ಪು ಸ್ಕ್ರೂಗಳನ್ನೇ ಕೊಟ್ಟಿದ್ದರು. ಕಡಲ ಉಪ್ಪುಗಾಳಿಗೆ ಅವು ಬೇಗ ತುಕ್ಕು ಹಿಡಿದು ಪೈಂಟಿನ ಮೇಲೆ ಕಂದು ಕಲೆ ಬಿಡುತ್ತವೆ. ಸತುವಿನ ಲೇಪನವಿರುವ ಸ್ಕ್ರೂಗಳನ್ನು ನಾನೇ ಕೇಳಿ ತರಿಸಿಕೊಳ್ಳಬೇಕಾಯಿತು.

ಹಾಕುವಾಗ ಮೇಸ್ತ್ರಿಯ ಬಳಿ ನಿಂತು ಮೂರು ವಿಷಯ ಹಟ ಹಿಡಿದೆ. ಬೋರ್ಡಿನ ಕೆಳ ಅಂಚು ನೆಲಕ್ಕೆ ತಾಗದಂತೆ 10 ಮಿಲಿಮೀಟರ್ ಸಂದು ಬಿಟ್ಟು, ಅದನ್ನು ಸೀಲಂಟಿನಿಂದ ತುಂಬಿಸಿದೆವು. ಚೌಕಟ್ಟಿನ ಕಂಬಗಳ ನಡುವಿನ ಅಂತರವನ್ನು 600ರ ಬದಲು 400 ಮಿಲಿಮೀಟರಿಗೆ ಇಳಿಸಿದೆವು. ಕತ್ತರಿಸಿದ ಪ್ರತಿಯೊಂದು ಅಂಚಿಗೂ, ಪೈಪಿಗಾಗಿ ಕೊರೆದ ತೂತಿನ ಸುತ್ತಲೂ ಸೀಲರ್ ಬಳಿಸಿದೆವು. ಕಾಗದದ ರಕ್ಷಣೆಯಿಲ್ಲದೆ ಒಳಗಿನ ಜಿಪ್ಸಂ ಬಯಲಾಗುವುದು ಅಲ್ಲಿಯೇ. ಮೇಸ್ತ್ರಿಗೆ ಇದು ಅನಾವಶ್ಯಕ ಕೆಲಸವೆನಿಸಿತ್ತು, ಅರ್ಧ ದಿನ ಹೆಚ್ಚು ಹಿಡಿಯಿತು.

ಈಗ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಅದೇ ಕಪಾಟನ್ನು, ಈ ಸಲ ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿಟ್ಟದ್ದನ್ನು, ಸರಿಸಿ ಟಾರ್ಚ್ ಹಿಡಿದು ನೋಡಿದೆ. ಚುಕ್ಕೆಯಿಲ್ಲ, ಉಬ್ಬಿಲ್ಲ, ಬುಡಕ್ಕೆ ಬೆರಳಿನಿಂದ ಬಡಿದರೆ ಗಟ್ಟಿಯಾದ ಸದ್ದು ಬರುತ್ತದೆ. ಹಾಳಾದದ್ದು ಪಶ್ಚಿಮದ ಕಿಟಕಿಯ ಕೆಳಗಿನ ಒಂದೂವರೆ ಅಡಿ ಮಾತ್ರ. ಎರಚಲು ಮಳೆ ಅಲ್ಲಿ ಚೌಕಟ್ಟಿನ ಸಂದಿನಿಂದ ನೇರವಾಗಿ ಒಳಗೆ ಇಳಿದು, ಕಾಗದ ಜಿಪ್ಸಂನಿಂದ ಬಿಟ್ಟುಕೊಂಡಿತ್ತು. ಅಂಗಡಿಯವರು ಮೊದಲೇ ಹೇಳಿದ್ದನ್ನು ಕಿಟಕಿಗೂ ಅನ್ವಯಿಸಿಕೊಳ್ಳುವುದು ನನಗೆ ಹೊಳೆದಿರಲಿಲ್ಲ. ಅಷ್ಟು ಭಾಗವನ್ನು ಕೊಯ್ದು ತೆಗೆದು, ಕಿಟಕಿಯ ಸಂದು ಮುಚ್ಚಿಸಿ, ಸಿಮೆಂಟ್ ಬೋರ್ಡಿನ ತುಂಡು ಕೂರಿಸಿದ್ದೇನೆ.