ಸರ್ಟಿಫಿಕೇಟ್ ನೋಡಿ ಕಳ್ಳನನ್ನು ಹಿಡಿಯೋದು: ಸ್ನಾರ್ಟ್, ಸುರಿಕಾಟಾ, ಝೀಕ್

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಂದು ಸಣ್ಣ ಕಾರ್ಖಾನೆ. ಆಫೀಸಿನಲ್ಲಿ 22 ಕಂಪ್ಯೂಟರ್. ಸ್ವಿಚ್‌ನಿಂದ ಟ್ರಾಫಿಕ್‌ನ ನಕಲು ತೆಗೆದು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಡೆಸ್ಕ್‌ಟಾಪ್‌ಗೆ ಕೊಟ್ಟೆ. ನೆಟ್‌ವರ್ಕ್ ಮೇಲೆ ಕಣ್ಣಿಡುವ ಸ್ನಾರ್ಟ್, ಸುರಿಕಾಟಾ, ಝೀಕ್ ಎಂಬ ಮೂರು ಸಾಫ್ಟ್‌ವೇರನ್ನೂ ಅದರಲ್ಲಿ ಸರದಿಯಂತೆ ಹಾಕಿದೆ. ಗುಪ್ತವಾಗಿ ಹೋಗುವ ಒಳಗಿನ ಮಾತು ಬಿಚ್ಚದೆ, ಬರೀ ಸರ್ಟಿಫಿಕೇಟ್ (ಕನೆಕ್ಷನ್ ಶುರುವಿನಲ್ಲಿ ಸರ್ವರ್ ತೋರಿಸುವ ಗುರುತಿನ ಚೀಟಿ) ನೋಡಿ ಅನುಮಾನದ ಕನೆಕ್ಷನ್ ಹಿಡಿಯಬೇಕಿತ್ತು.

ಪರೀಕ್ಷೆಗೆ 146473198 ಸೀರಿಯಲ್ ಹಾಕಿ ನಾನೇ ಒಂದು ಸರ್ಟಿಫಿಕೇಟ್ ಮಾಡಿದೆ. ಭದ್ರತೆ ಪರೀಕ್ಷಿಸಲು ಮಾಡಿದ, ಆದರೆ ಕಳ್ಳರೂ ಬಳಸುವ ಕೋಬಾಲ್ಟ್ ಸ್ಟ್ರೈಕ್ ಎಂಬ ಸಾಫ್ಟ್‌ವೇರ್ ಜೊತೆ ಬರುವ ಸರ್ಟಿಫಿಕೇಟ್‌ನ ಸೀರಿಯಲ್ ಅದು. ಬದಲಾಯಿಸದೆ ಹಾಗೇ ಬಿಡುವ ಸೋಮಾರಿ ಕಳ್ಳರು ಬಹಳ ಮಂದಿ.

ಸ್ನಾರ್ಟ್‌ನಲ್ಲಿ ಹಸಿ ಬೈಟ್ ಹುಡುಕುವ ರೂಲ್ (ಇಂಥದ್ದು ಕಂಡರೆ ಎಚ್ಚರಿಸು ಎನ್ನುವ ಸಾಲು) ಬರೆದೆ. ಸೀರಿಯಲ್ ಸಿಕ್ಕಿತು. ಹೆಸರು ಹುಡುಕಲು ಹೋದಾಗ ಕಾಡಿತು. ಸರ್ಟಿಫಿಕೇಟ್‌ನಲ್ಲಿ ಹೆಸರು ಇರುವ ಜಾಗ, ಅಂದರೆ ಕಾಮನ್ ನೇಮ್‌ನ ಗುರುತು 55 04 03. ಆಮೇಲಿನ ಬೈಟ್ ಕೆಲವು ಸರ್ಟಿಫಿಕೇಟ್‌ನಲ್ಲಿ 13, ಕೆಲವದರಲ್ಲಿ 0ಸಿ. ಹೆಸರು ಒಂದೇ, ಬರೆದ ರೀತಿ ಬೇರೆ, ಅಷ್ಟಕ್ಕೇ ರೂಲ್ ತಪ್ಪಿಸಿಕೊಂಡಿತು. ಇನ್ನೊಂದು ತಲೆನೋವು: ಸರ್ಟಿಫಿಕೇಟ್ ಕೊಟ್ಟವರ ಹೆಸರು ಮೊದಲು, ಪಡೆದವರದು ಆಮೇಲೆ, ಎರಡಕ್ಕೂ ಅದೇ 55 04 03. ಸಿಕ್ಕಿದ ಹೆಸರು ಯಾರದು ಅಂತ ರೂಲ್‌ಗೆ ತಿಳಿಯೋದು ಹೇಗೆ, ಅಲ್ವಾ?

ಸುರಿಕಾಟಾದಲ್ಲಿ ಈ ಗೋಳಿಲ್ಲ. ಸಬ್ಜೆಕ್ಟ್ (ಪಡೆದವರು), ಇಶ್ಯೂಯರ್ (ಕೊಟ್ಟವರು), ಸೀರಿಯಲ್, ಫಿಂಗರ್‌ಪ್ರಿಂಟ್ (ಇಡೀ ಸರ್ಟಿಫಿಕೇಟ್‌ನಿಂದ ಲೆಕ್ಕಹಾಕಿದ ಗುರುತು) ಎಲ್ಲಕ್ಕೂ ಬೇರೆ ಬೇರೆ ಕೀವರ್ಡ್ ಇವೆ. ಅವಧಿ ಮುಗಿದಿದೆಯಾ ಅಂತ ನೋಡಲು ಒಂದೇ ಪದ ಸಾಕು. ಚಹಾ ಬರುವಷ್ಟರಲ್ಲಿ ನಾಲ್ಕು ರೂಲ್ ಆದವು. ಎಡವಿದ್ದು ಫಿಂಗರ್‌ಪ್ರಿಂಟ್‌ನಲ್ಲಿ. ನಡುವೆ ಕೋಲನ್ ಸೇರಿ 59 ಅಕ್ಷರ ಇರಬೇಕು. ನಾನು ಕೋಲನ್ ಇಲ್ಲದ 40 ಅಕ್ಷರ ಅಂಟಿಸಿದ್ದೆ. ರೂಲ್ ಲೋಡ್ ಆಗಲಿಲ್ಲ. ಎರರ್ ಓದದೆ ಅರ್ಧ ತಾಸು ಸುಮ್ನೆ ಕೇಬಲ್ ಕಿತ್ತು ಹಾಕಿದೆ.

ಅವಧಿ ಮುಗಿದ ಸರ್ಟಿಫಿಕೇಟ್‌ನ ರೂಲ್ ಹಾಕಿದ ಮೊದಲ ದಿನವೇ ಅಲರ್ಟ್‌ಗಳ ಮಳೆ. ಎಲ್ಲ ಅವರದೇ ಕ್ಯಾಮೆರಾ ಡಿವಿಆರ್‌ನಿಂದ. "ಏನ್ರೀ, ಕಾಯೋ ಕ್ಯಾಮೆರಾನೇ ಕಳ್ಳ ಅಂತದಲ್ರೀ ಇದು!" ಅಂದರು ಮಾಲೀಕರು. ಅದರ ಫಿಂಗರ್‌ಪ್ರಿಂಟ್ ಕಂಡರೆ ಸುಮ್ಮನೆ ಬಿಡು ಎನ್ನುವ ಪಾಸ್ ರೂಲ್ ಬರೆದ ಮೇಲೆ ತಣ್ಣಗಾಯಿತು.

ಝೀಕ್ ಜಾತಿಯೇ ಬೇರೆ. 2018ರವರೆಗೆ ಅದರ ಹೆಸರು ಬ್ರೋ. ರೂಲ್ ಬರೆದು ಕಾಯುವ ಬದಲು, ಕಂಡ ಸರ್ಟಿಫಿಕೇಟನ್ನೆಲ್ಲ ಲಾಗ್‌ಗೆ ಬರೆದಿಡುತ್ತದೆ. ತನಗೆ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್ ಯಾವುದು ಅಂತಲೂ ಹೇಳುತ್ತದೆ. ಸುರಿಕಾಟಾದ ಸಾದಾ ರೂಲ್‌ನಲ್ಲಿ ಕೊಟ್ಟವರ, ಪಡೆದವರ ಹೆಸರನ್ನು ಪಕ್ಕಪಕ್ಕ ಇಟ್ಟು ಒಂದೇನಾ ಅಂತ ನೋಡಲು ಬರೋದಿಲ್ಲ. ಆದರೆ ಝೀಕ್‌ನ ಸ್ಕ್ರಿಪ್ಟ್ ಭಾಷೆ ಕೈಗೆ ಹತ್ತಲು ನನಗೆ ಎರಡು ವಾರ ಬೇಕಾಯಿತು.

ಕನೆಕ್ಷನನ್ನು ಗುಪ್ತವಾಗಿಡುವ ಟಿಎಲ್‌ಎಸ್ ಪದ್ಧತಿಯ 1.3 ಬಂದರೆ ಮೂರಕ್ಕೂ ಕಣ್ಣು ಕಟ್ಟಿದ ಹಾಗೆ. 2018ರ ಈ ಆವೃತ್ತಿಯಲ್ಲಿ ಸರ್ಟಿಫಿಕೇಟ್ ಕೂಡ ಗುಪ್ತವಾಗಿ ಹೋಗುತ್ತದೆ. ಮೊದಲ ಸಂದೇಶದಲ್ಲಿ ಸಾಮಾನ್ಯವಾಗಿ ಸರ್ವರ್ ಹೆಸರು ಕಾಣುತ್ತದೆ, ಆದರೆ ಅದು ಕರೆ ಮಾಡಿದವನೇ ಹೇಳಿಕೊಂಡ ಹೆಸರು. ನನ್ನ ಸರ್ಟಿಫಿಕೇಟ್ ಸಿಕ್ಕಿಬಿದ್ದದ್ದು ಸರ್ವರನ್ನು ಹಿಂದಿನ ಆವೃತ್ತಿ 1.2ಕ್ಕೆ ಕಟ್ಟಿಹಾಕಿದ್ದಕ್ಕೇ.

ಈಗ ಅಲ್ಲಿ ಅಲರ್ಟ್‌ಗೆ ಸುರಿಕಾಟಾ, ಹಿಂದಿನದನ್ನು ಕೆದಕಲು ಝೀಕ್ ಓಡುತ್ತಿವೆ. ಸ್ನಾರ್ಟ್ ತೆಗೆದೆ. ಮುಂದೆ ಬದಲಾಯಿಸಬೇಕಾದ್ದು ಆ ಡಿವಿಆರ್.