ಬ್ಯೂಟಿ ಡಿಶ್ ತಗೊಳ್ಳಲಾ, ಸಾಫ್ಟ್‌ಬಾಕ್ಸ್ ತಗೊಳ್ಳಲಾ?

ಮಾಡೆಲ್‌ಗಳ ಫೋಟೊ ತೆಗೆಯಲು ಶುರು ಮಾಡಿದವರು ನನ್ನನ್ನು ಮೊದಲು ಕೇಳುವುದು ಇದನ್ನೇ. ಎರಡೂ ಫ್ಲ್ಯಾಶ್‌ಗೆ ಸಿಕ್ಕಿಸಿ ಬೆಳಕನ್ನು ಹದ ಮಾಡುವ ಸಾಧನಗಳು, ಎರಡನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಮುಖವೇ ಮುಖ್ಯವಾದರೆ ಡಿಶ್, ಬಟ್ಟೆಯೂ ಚೆನ್ನಾಗಿ ಕಾಣಬೇಕಾದರೆ ಸಾಫ್ಟ್‌ಬಾಕ್ಸ್.

ಡಿಶ್ ಅಂದರೆ ಸಾಮಾನ್ಯವಾಗಿ 55 ಸೆಂ.ಮೀ. ಅಗಲದ ಲೋಹದ ಬಟ್ಟಲು. ನಡುವಿನ ಚಿಕ್ಕ ತಟ್ಟೆ ಫ್ಲ್ಯಾಶ್‌ನ ಬೆಳಕು ನೇರ ಮುಖಕ್ಕೆ ಬೀಳದಂತೆ ತಡೆದು ಬಟ್ಟಲಿಗೆ ತಿರುಗಿಸುತ್ತದೆ. ಅದನ್ನು 60–90 ಸೆಂ.ಮೀ. ದೂರದಲ್ಲಿ, ಹಣೆಗಿಂತ ಸ್ವಲ್ಪ ಮೇಲೆ ಇಡಿ. ಕೆನ್ನೆಯ ಮೂಳೆ ಎದ್ದು ಕಾಣುತ್ತದೆ. ಗಲ್ಲದ ಕೆಳಗೆ ನೆರಳು ಕೂರುತ್ತದೆ. ಕಣ್ಣಲ್ಲಿ ದುಂಡಗಿನ ಮಿಂಚು! ಆ ಮಿಂಚಿಗಾಗಿಯೇ ನನಗೆ ಡಿಶ್ ಅಂದರೆ ಪ್ರಾಣ. ಆದರೆ ಮೇಕಪ್‌ನ ಸಣ್ಣ ತಪ್ಪನ್ನೂ ಅದು ಮುಚ್ಚಿಡುವುದಿಲ್ಲ. ಒಮ್ಮೆ ಮಾಡೆಲ್ ಒಬ್ಬರ ಮೂಗಿನ ಪಕ್ಕ ಪೌಡರ್ ನಿಂತಿತ್ತು. ಕಣ್ಣಿಗೆ ಕಾಣದ್ದು ಫೋಟೊದಲ್ಲಿ ಸುಣ್ಣದ ಗೆರೆ ಎಳೆದ ಹಾಗೆ ಬಂತು. ಎಣ್ಣೆ ಚರ್ಮವಾದರೆ ಒಳಗೆ ಬಿಳಿ ಬಣ್ಣವಿರುವ ಡಿಶ್ಶೇ ವಾಸಿ, ಬೆಳ್ಳಿ ಬಣ್ಣದ್ದು ಹೊಳಪು ಜಾಸ್ತಿ ಮಾಡುತ್ತದೆ.

ಸಾಫ್ಟ್‌ಬಾಕ್ಸ್ ಅಂದರೆ ಮುಂದೆ ಬಿಳಿ ಬಟ್ಟೆಯ ಪರದೆ ಇರುವ ಪೆಟ್ಟಿಗೆ, ಬೆಳಕು ಆ ಪರದೆಯ ಮೂಲಕ ಹರಡಿ ಬರುತ್ತದೆ. ಅದರಲ್ಲಿ ಕೆಲಸ ಸಲೀಸು. ನೆರಳಿನ ಅಂಚು ಮೆತ್ತಗೆ. 120 ಸೆಂ.ಮೀ.ನದ್ದಾದರೆ ಮಾಡೆಲ್ ತಿರುಗಿದರೂ ಬೆಳಕು ಅಷ್ಟಾಗಿ ಕೆಡುವುದಿಲ್ಲ, ಬಟ್ಟೆಯ ಮಡಿಕೆಯೂ ಹಿತವಾಗಿ ಕಾಣುತ್ತದೆ. ಡಿಶ್ ಮುಂದೆ ಹಾಗಲ್ಲ, ತಲೆ ಒಂದು ಗೇಣು ಸರಿದರೂ ನೆರಳು ಬದಲಾಗುತ್ತದೆ. "ಅಲುಗಾಡಬೇಡಿ" ಅಂತ ನಾವು ಹೇಳ್ತಾ ಹೋದ ಹಾಗೆ ಹೊಸ ಮಾಡೆಲ್‌ಗಳು ಬಿಗಿಯಾಗಿಬಿಡುತ್ತಾರೆ, ನಗುವೂ ಹೋಗುತ್ತದೆ.

ಒಂದನ್ನೇ ಕೊಳ್ಳುವುದಾದರೆ ಸಾಫ್ಟ್‌ಬಾಕ್ಸ್ ಕೊಳ್ಳಿ. ಒಳ್ಳೆ ಮೇಕಪ್ ಕಲಾವಿದರ ಜೊತೆ ಕ್ಲೋಸಪ್ ಕೆಲಸ ಸಿಗತೊಡಗಿದ ಮೇಲೆ ಡಿಶ್ ತನ್ನಿ.