ಮನೆಯಲ್ಲಿ ದೊಡ್ಡ ಬೆಕ್ಕಿರುವಾಗ ಮರಿ ತಂದರೆ: ನಾನು ಮಾಡಿ ನೋಡಿದ ಮೂರು ದಾರಿಗಳು

ನಮ್ಮ ಚಿನ್ನಿ 2014ರಲ್ಲಿ ಹುಟ್ಟಿದ ಹೆಣ್ಣು ಬೆಕ್ಕು. ಮರಿಯಾಗದ ಹಾಗೆ ಆಪರೇಷನ್ ಆಗಿದೆ. ಶಿವಮೊಗ್ಗದ ಎರಡು ರೂಮಿನ ಬಾಡಿಗೆ ಮನೆಯೇ ಅವಳ ಊರು. ಅವಳಿರುವಾಗ ಮೂರು ಸಲ ಮರಿ ತಂದಿದ್ದೇನೆ, ಮೂರು ಸಲವೂ ಬೇರೆ ಬೇರೆ ರೀತಿ. 2019ರಲ್ಲಿ ನೇರವಾಗಿ ಎದುರೆದುರು ಬಿಟ್ಟೆ. 2021ರಲ್ಲಿ ಹಾಲ್‌ನಲ್ಲಿ ಪಂಜರ ಇಟ್ಟೆ. 2023ರಲ್ಲಿ ಮರಿಗೆ ಬೇರೆ ರೂಮು ಕೊಟ್ಟೆ. ಯಾರು ಕೇಳಿದರೂ ನಾನು ಮೂರನೆಯದನ್ನೇ ಮಾಡಿ ಅನ್ನುತ್ತೇನೆ. ಅದು ನಿಧಾನ, ಬೇಸರ ಬರುತ್ತದೆ, ಆದರೂ ಅದೇ.

ನೇರವಾಗಿ ಬಿಡುವುದು ಅಮ್ಮನ ಮಾತು. "ಅವೇ ಹೊಂದ್ಕೊಳ್ತಾವೆ, ನೀನು ಸುಮ್ನೆ ಇರೇ" ಅಂದಳು. ಅವಳು ತೀರ್ಥಹಳ್ಳಿ ಕಡೆಯವಳು, ತವರಿನಲ್ಲಿ ಯಾವಾಗಲೂ ನಾಲ್ಕೈದು ಬೆಕ್ಕು ಇದ್ದವು, ಯಾರೂ ಯಾವುದಕ್ಕೂ ಪರಿಚಯ ಮಾಡಿಸಿದವರಲ್ಲ. ಆದರೆ ಅಲ್ಲಿ ಕೊಟ್ಟಿಗೆ ಇತ್ತು, ಅಟ್ಟ ಇತ್ತು, ಹಿಂದೆ ತೋಟ ಇತ್ತು. ಹೊಸದು ಕಂಡರೆ ಆಗದ ಬೆಕ್ಕು ಎದ್ದು ಹೋಗಿ ಹುಲ್ಲಿನ ರಾಶಿ ಮೇಲೆ ಮಲಗುತ್ತಿತ್ತು. ನಮ್ಮ ಮನೆಯಲ್ಲಿ ಚಿನ್ನಿ ಎಲ್ಲಿಗೆ ಹೋಗಬೇಕು? ಇದು ನನಗೆ ಆಗ ಹೊಳೆಯಲಿಲ್ಲ.

ಜೂನ್ ಮಳೆಯಲ್ಲಿ ಸ್ಕೂಟರ್ ಕೆಳಗೆ ಸಿಕ್ಕಿದ ಮರಿಯನ್ನು ಒರೆಸಿ ನೆಲದ ಮೇಲೆ ಬಿಟ್ಟೆ. ಚಿನ್ನಿಯ ಬಾಲ ಉಬ್ಬಿತು, ಕಿವಿ ತಲೆಗೆ ಅಂಟಿಕೊಂಡವು, ಬುಸ್ ಅಂದಳು. ಮರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು, ನೇರ ಅವಳ ಮುಖದ ಹತ್ತಿರ ಹೋಯಿತು. ಒಂದೇ ಏಟು, ಕಣ್ಣಿನ ಪಕ್ಕ ಗೀರು. ನಾನು ಕೈ ಹಾಕಿ ಬಿಡಿಸಲು ಹೋದೆ, ಆ ಸಿಟ್ಟಿನಲ್ಲಿ ಚಿನ್ನಿ ನನ್ನ ಕೈಯನ್ನೇ ಕಚ್ಚಿದಳು. ಹದಿನೈದು ನಿಮಿಷ ಸೋಪು ಹಾಕಿ ನಲ್ಲಿ ನೀರಲ್ಲಿ ತೊಳೆದು, ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಂಡೆ. ದಯವಿಟ್ಟು ನೆನಪಿಡಿ, ಜಗಳದ ನಡುವೆ ಕೈ ಹಾಕಬೇಡಿ. ಒಂದು ದಪ್ಪ ರಟ್ಟು ಅಡ್ಡ ಹಿಡಿದರೆ ಸಾಕು.

ಆಮೇಲಿನದು ಇನ್ನೂ ಕಷ್ಟವಾಗಿತ್ತು. ಚಿನ್ನಿ ಬೀರುವಿನ ಮೇಲಿಂದ ಇಳಿಯಲಿಲ್ಲ, ನನ್ನ ಹಾಸಿಗೆ ಮೇಲೆ ಉಚ್ಚೆ ಮಾಡಿದಳು, ಎರಡು ದಿನ ಸರಿಯಾಗಿ ತಿನ್ನಲಿಲ್ಲ. ದೊಡ್ಡ ಬೆಕ್ಕು ಹೀಗೆ ಊಟ ಬಿಟ್ಟರೆ ಲಿವರ್‌ಗೆ ಕೊಬ್ಬು ಸೇರಿ ಪ್ರಾಣಕ್ಕೇ ಬರಬಹುದು. ಹಠ ಮಾಡುತ್ತಿದ್ದಾಳೆ ಅಂತ ಕಾಯಬಾರದು, ಡಾಕ್ಟರ್‌ಗೆ ತೋರಿಸಬೇಕು. ಹತ್ತು ದಿನವಾದ ಮೇಲೆ ಮರಿಯನ್ನು ಅಕ್ಕನ ಮನೆಗೆ ಕೊಟ್ಟೆ. ಚಿನ್ನಿ ಮತ್ತೆ ನನ್ನ ಕಾಲ ಹತ್ತಿರ ಬಂದು ಮಲಗಿದ್ದು ಸುಮಾರು ಒಂದು ತಿಂಗಳ ಮೇಲೆ.

ಪಂಜರದ ದಾರಿ ಇದಕ್ಕಿಂತ ಎಷ್ಟೋ ಮೇಲು. ಪಕ್ಕದ ಮನೆಯವರ ನಾಯಿಯದು, ಮೂರಡಿ ಉದ್ದದ ಕಬ್ಬಿಣದ ಪಂಜರ. ಗಂಡು ಮರಿ. ಯಾರಿಗೂ ಗಾಯವಾಗಲಿಲ್ಲ, ಬೇರೆ ರೂಮು ಬೇಕಾಗಲಿಲ್ಲ, ಇಬ್ಬರೂ ಕಣ್ಣ ಮುಂದೆ ಇದ್ದರು. ಆದರೆ ಚಿನ್ನಿ ಗಂಟೆಗಟ್ಟಲೆ ಎದುರು ಕೂತು ಕಣ್ಣು ಮಿಟುಕಿಸದೆ ದಿಟ್ಟಿಸುತ್ತಿದ್ದಳು, ಒಳಗಿದ್ದ ಮರಿಗೆ ಅವಿತುಕೊಳ್ಳಲು ಜಾಗವೇ ಇರಲಿಲ್ಲ. ಅದು ರಾತ್ರಿಯೆಲ್ಲ ಅಳುತ್ತಿತ್ತು. ಒಳಗೊಂದು ರಟ್ಟಿನ ಡಬ್ಬ ಇಟ್ಟು, ಅರ್ಧ ಪಂಜರಕ್ಕೆ ಹಳೇ ಬೆಡ್‌ಶೀಟ್ ಹೊದಿಸಿದ ಮೇಲೆ ಸ್ವಲ್ಪ ಸುಮ್ಮನಾಯಿತು. ಐದನೇ ದಿನ ಇನ್ನೊಂದು ತಪ್ಪು ಕಂಡಿತು. ಚಿನ್ನಿ ತನ್ನ ಉಚ್ಚೆ-ಕಕ್ಕದ ಟ್ರೇಗೆ ಹೋಗುವ ದಾರಿಯಲ್ಲೇ ನಾನು ಪಂಜರ ಇಟ್ಟಿದ್ದೆ! ಅವಳು ಹಗಲೆಲ್ಲ ಉಚ್ಚೆ ತಡೆದುಕೊಂಡು ಇರುತ್ತಿದ್ದಳು. ಮೂಲೆಗೆ ಸರಿಸಿದೆ, ಸರಿಯಾಯಿತು. ಆರು ವಾರದಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಸುಮ್ಮನೆ ಇರುವಷ್ಟು ಆಯಿತು, ಸ್ನೇಹ ಅಂತ ಏನೂ ಆಗಲಿಲ್ಲ. ನಾಲ್ಕು ತಿಂಗಳಾದಾಗ ಮರಿ ಭದ್ರಾವತಿಯ ಒಂದು ಮನೆಗೆ ಹೋಯಿತು.

2023ರಲ್ಲಿ ರಾಗಿ ಬಂದಳು. ಮೈಬಣ್ಣ ರಾಗಿಹಿಟ್ಟಿನದು, ಹಾಗಾಗಿ ಆ ಹೆಸರು. ಚಿನ್ನಿಗೆ ಆಗ ಒಂಬತ್ತು ವರ್ಷ. ಹಿಂದಿನ ರೂಮಿನಲ್ಲಿ ಟ್ರೇ, ನೀರು, ಡಬ್ಬ, ಹಳೇ ಸ್ವೆಟರ್ ಇಟ್ಟು ಬಾಗಿಲು ಹಾಕಿದೆ. ಎರಡು ವಾರ ಮುಖವೇ ತೋರಿಸಲಿಲ್ಲ.

ಈ ಎರಡು ವಾರ ಬರೀ ಸ್ನೇಹಕ್ಕೆ ಅಲ್ಲ. ಬೀದಿಯಿಂದ ಬಂದ ಮರಿಯಲ್ಲಿ ಪ್ಯಾನ್‌ಲ್ಯುಕೋಪೀನಿಯಾ ಇರಬಹುದು. ಇದು ನಾಯಿಗಳ ಪಾರ್ವೊ ಜಾತಿಯ ವೈರಸ್, ವಾಂತಿ ಭೇದಿಯಾಗಿ ಮರಿಗಳು ಒಂದೆರಡು ದಿನದಲ್ಲೇ ಹೋಗಿಬಿಡುತ್ತವೆ. ನೆಲದ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಬ್ಲೀಚ್‌ಗೆ ಸಾಯುತ್ತದೆ. ಅದಕ್ಕೇ ಆ ರೂಮಿಗೆ ಬೇರೆ ಚಪ್ಪಲಿ ಇಟ್ಟಿದ್ದೆ, ಹೊರಗೆ ಬಂದಾಗಲೆಲ್ಲ ಕೈ ತೊಳೆಯುತ್ತಿದ್ದೆ. ಎಂಟು ವಾರಕ್ಕೆ ಮೊದಲ ಲಸಿಕೆ, ಮೂರ್ನಾಲ್ಕು ವಾರ ಬಿಟ್ಟು ಇನ್ನೊಂದು, ಹನ್ನೆರಡು ವಾರ ತುಂಬಿದ ಮೇಲೆ ರೇಬೀಸ್‌ದು. ಚಿಗಟ ಇದೆ ಅಂತ ನಾಯಿಗೆ ಹಾಕುವ ಪರ್ಮೆಥ್ರಿನ್ ಔಷಧಿಯನ್ನು ಮಾತ್ರ ಹಾಕಬೇಡಿ, ಬೆಕ್ಕಿಗೆ ಅದು ವಿಷ.

ಇಷ್ಟರಲ್ಲಿ ವಾಸನೆಯ ಕೆಲಸ ಶುರು ಮಾಡಿದ್ದೆ. ಮೂರು ದಾರಿಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಬೆಕ್ಕುಗಳು ಕೆನ್ನೆಯನ್ನು ಕುರ್ಚಿಗೆ, ಬಾಗಿಲಿಗೆ, ನಮ್ಮ ಕಾಲಿಗೆ ಉಜ್ಜುತ್ತವೆ ಅಲ್ವಾ, ಅಲ್ಲಿ ವಾಸನೆಯ ಗ್ರಂಥಿಗಳಿವೆ. ಒಟ್ಟಿಗೆ ಬಾಳುವ ಬೆಕ್ಕುಗಳು ಮೈ ಉಜ್ಜಿಕೊಂಡು ಒಂದೇ ವಾಸನೆಯವರಾಗುತ್ತವೆ, ನಮ್ಮವರು ಯಾರು ಅಂತ ಅದರಲ್ಲೇ ಗುರುತಿಸುತ್ತವೆ. ನೇರವಾಗಿ ಬಿಟ್ಟಾಗ ವಾಸನೆ ಗೊತ್ತಿಲ್ಲದ ಮೈ ಒಂದು ದಿಢೀರನೆ ಮನೆಯೊಳಗೆ ಬಂದ ಹಾಗಾಯಿತು. ಪಂಜರದಲ್ಲಿ ವಾಸನೆಗಿಂತ ಕಣ್ಣು ಮೊದಲಾಯಿತು. ಈ ಸಲ ಕಣ್ಣಿಗೆ ಕೊನೆಯ ಪಾಳಿ.

ಒಂದು ಕಾಲುಚೀಲವನ್ನು ರಾಗಿಯ ಕೆನ್ನೆಗೆ ಉಜ್ಜಿ ಚಿನ್ನಿಯ ತಟ್ಟೆಯಿಂದ ಸ್ವಲ್ಪ ದೂರ ಇಟ್ಟೆ. ಮೂಗಿಗೆ ಹಿಡಿಯಲಿಲ್ಲ, ಹಾಗೆ ಮಾಡಬಾರದು. ಮೊದಲ ದಿನ ಕಾಲುಚೀಲಕ್ಕೇ ಬುಸ್ ಅಂದಳು. ನಾಲ್ಕನೇ ದಿನ ಅದನ್ನು ತುಳಿದುಕೊಂಡೇ ಹೋಗಿ ತಿಂದಳು. ನನಗಾದ ಖುಷಿ ಹೇಳತೀರದು. ಆಮೇಲೆ ಬಾಗಿಲಿನ ಎರಡೂ ಕಡೆ ತಟ್ಟೆ ಇಟ್ಟು ಬೇಯಿಸಿದ ಕೋಳಿ ಹಾಕುತ್ತಿದ್ದೆ. ಮೊದಲು ನಾಲ್ಕಡಿ ದೂರ, ದಿನಕ್ಕೆ ಒಂದು ಗೇಣು ಹತ್ತಿರ. ಚಿನ್ನಿ ತಲೆ ಎತ್ತಿ ಬಾಗಿಲು ನೋಡಿದರೆ ಮರುದಿನ ತಟ್ಟೆ ವಾಪಸ್ ಹಿಂದಕ್ಕೆ. ಲಸಿಕೆಯಾಗಿ, ಮರಿ ಗಟ್ಟಿಯಿದೆ ಅಂತ ಗೊತ್ತಾದ ಮೇಲೆ ಅರ್ಧ ಗಂಟೆ ಜಾಗ ಬದಲಿಸಿದೆ. ರಾಗಿ ಹಾಲ್‌ನಲ್ಲಿ, ಚಿನ್ನಿ ರಾಗಿಯ ರೂಮಿನಲ್ಲಿ. ಅವಳು ಬಾಯಿ ಅರೆ ತೆರೆದುಕೊಂಡು ಸ್ವೆಟರ್ ಮೂಸಿದಳು, ಟ್ರೇ ಮೂಸಿದಳು, ಕೊನೆಗೆ ಬಾಗಿಲ ಚೌಕಟ್ಟಿಗೆ ತನ್ನ ಕೆನ್ನೆ ಉಜ್ಜಿ ಹೊರಗೆ ಬಂದಳು.

ಹದಿನೆಂಟನೇ ದಿನ ಬಾಗಿಲಿಗೆ ಜಾಲರಿ. ಬಡಗಿಗೆ ಹೇಳಿ ಮರದ ಚೌಕಟ್ಟಿಗೆ ಸ್ಟೀಲ್ ಜಾಲರಿ ಹೊಡೆಸಿದೆ, 600 ರೂಪಾಯಿ ಆಯಿತು. ನೈಲಾನ್ ಸೊಳ್ಳೆ ಪರದೆ ಒಂದು ದಿನವೂ ಬಾಳಲ್ಲ, ಮರಿ ಹರಿದು ಹಾಕುತ್ತದೆ. ಮೊದಲ ಮುಖಾಮುಖಿಗೆ ಮುಂಚೆ ಗರಿ ಕಟ್ಟಿದ ಕೋಲಿನಲ್ಲಿ ರಾಗಿಯನ್ನು ಸುಸ್ತಾಗುವಷ್ಟು ಆಡಿಸಿದೆ, ಇಲ್ಲದಿದ್ದರೆ ಅವಳೂ ಹಾರಿ ಬೀಳುತ್ತಿದ್ದಳು. ಹತ್ತು ನಿಮಿಷ, ಅಷ್ಟೇ. ಚಿನ್ನಿ ಎರಡು ಸಲ ಬುಸ್ ಅಂದಳು, ರಾಗಿ ಹಿಂದೆ ಸರಿದಳು. ಬುಸ್ ಅನ್ನುವುದು ತಪ್ಪಲ್ಲ, ಮರಿ ಅದರಿಂದಲೇ ಕಲಿಯುವುದು. ಕಿವಿ ಮಡಿಸಿ, ಮೈ ಕುಗ್ಗಿಸಿ, ಗುರ್ ಅನ್ನುತ್ತಾ ದಿಟ್ಟಿಸಿದರೆ ಮಾತ್ರ ರಟ್ಟು ಅಡ್ಡ ಇಟ್ಟು ಅಲ್ಲಿಗೇ ನಿಲ್ಲಿಸಬೇಕು.

ಐದು ವಾರ ಹಿಡಿಯಿತು. ಪಂಜರದ್ದಕ್ಕಿಂತ ಒಂದು ವಾರ ಕಡಿಮೆ, ಅದೂ ಚಿನ್ನಿಗೆ ವಯಸ್ಸು ಜಾಸ್ತಿಯಾದ ಮೇಲೆ. ಮರಿಯ ಸ್ವಭಾವವೂ ಇದರಲ್ಲಿ ಸೇರಿದೆ, ರಾಗಿ ಸ್ವಲ್ಪ ಮೆತ್ತಗಿನವಳು. ಆದರೆ ಚಿನ್ನಿ ಈ ಸಲ ಒಂದು ಹೊತ್ತೂ ಊಟ ಬಿಡಲಿಲ್ಲ, ಟ್ರೇ ಬಿಟ್ಟು ಎಲ್ಲೂ ಮಾಡಲಿಲ್ಲ. ನನಗೆ ಅದೇ ಲೆಕ್ಕ. ಇಬ್ಬರೂ ಇವತ್ತಿಗೂ ತಬ್ಬಿಕೊಂಡು ಮಲಗುವುದಿಲ್ಲ, ಬೆಳಗಿನ ಬಿಸಿಲಿಗೆ ಒಂದೇ ಕಿಟಕಿಯಲ್ಲಿ ಕೂರುತ್ತಾರೆ.

ಒಂದೇ ರೂಮಿನ ಮನೆಯಾದರೆ ಪಂಜರವನ್ನೇ ಬಳಸಿ, ಆದರೆ ನನ್ನ ಹಾಗೆ ಮೊದಲ ದಿನವೇ ತೆರೆದಿಡಬೇಡಿ. ಪೂರ್ತಿ ಬೆಡ್‌ಶೀಟ್ ಹೊದಿಸಿ, ಗಾಳಿಗೆ ಹಿಂದೆ ಮಾತ್ರ ಬಿಟ್ಟು, ದೊಡ್ಡ ಬೆಕ್ಕು ಓಡಾಡದ ಮೂಲೆಯಲ್ಲಿಡಿ. ಒಂದೇ ಗಾಳಿ ಇರುವುದರಿಂದ ದೊಡ್ಡದರ ಲಸಿಕೆ ಬಾಕಿಯಿದ್ದರೆ ಮರಿ ತರುವ ಮುಂಚೆಯೇ ಹಾಕಿಸಿ. ಕಾಲುಚೀಲ, ತಟ್ಟೆ ಎಲ್ಲ ಹಾಗೆಯೇ ಮಾಡಿ, ಪಂಜರದ ಬೆಡ್‌ಶೀಟನ್ನು ದಿನಕ್ಕೆ ನಾಲ್ಕು ಬೆರಳು ಸರಿಸಿ. ಟ್ರೇ ಎರಡು ಬೆಕ್ಕಿಗೆ ಮೂರು ಇರಲಿ, ಅದರಲ್ಲಿ ಒಂದಾದರೂ ದೊಡ್ಡ ಬೆಕ್ಕಿನ ಹಳೇ ಜಾಗದಲ್ಲೇ ಇರಬೇಕು.